ಒಂದೇ ಮರದ ಹಕ್ಕಿ

ಹಕ್ಕಿ ನೋಡುವವರು ಸೇರಿದರೆ ಎಷ್ಟು ಜಾತಿ ಕಂಡಿರಿ ಎಂಬ ಲೆಕ್ಕವೇ ಮೊದಲು ಬರುತ್ತದೆ. ಒಂದೇ ಮರವನ್ನು ಎಷ್ಟು ಕಾಲ ನೋಡಿದ್ದೀರಿ ಎಂದು ನಾನು ಕೇಳುತ್ತೇನೆ. ಆ ನೋಟದ ಬೆಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರಿಗೆ ಚೆನ್ನಾಗಿ ಗೊತ್ತು.

ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ತಾಣವನ್ನು ಹೊರಗಿನವರ ಗಮನಕ್ಕೆ ತಂದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಊರಿನ ನಂಟು ಇದಕ್ಕಿಂತ ಬಹಳ ಹಳೆಯದು. ಪ್ಲೇಗಿಗೆ ಹೆದರಿ ಹಳೇ ಊರು ಬಿಟ್ಟಾಗ ಹಕ್ಕಿಗಳೂ ಹಿಂದೆಯೇ ಬಂದವು ಎನ್ನುತ್ತಾರೆ ಹಿರಿಯರು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಅವನ್ನು ಕಾಣುತ್ತಾರೆ.

ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಜಗಲಿಯಲ್ಲಿ ಕೂತರೆ ಸಾಕು, ಸಂಸಾರವೆಲ್ಲ ಕಣ್ಣೆದುರಿಗೇ ನಡೆಯುತ್ತದೆ. ಹೆಜ್ಜಾರ್ಲೆ ಮರಿ ತಾಯಿಯ ಗಂಟಲ ಚೀಲಕ್ಕೆ ತಲೆ ತೂರಿಸಿ ಮೀನು ತಿನ್ನುತ್ತದೆ. ಕೊಕ್ಕರೆಯಾದರೆ ಮೀನನ್ನು ಗೂಡಿನೊಳಗೆ ಕಕ್ಕಿ ಮರಿಗಳ ಮುಂದಿಡುತ್ತದೆ. ಉರಿಬಿಸಿಲಿನಲ್ಲಿ ರೆಕ್ಕೆ ಹರಡಿ ಅವಕ್ಕೆ ನೆರಳಾಗಿ ನಿಲ್ಲುತ್ತದೆ. ಮೀನು ಬರುವುದು ಶಿಂಷಾ ಹೊಳೆ, ತೈಲೂರು ಕೆರೆ, ಮದ್ದೂರು ಕೆರೆಗಳಿಂದ. ಕೊಕ್ಕರೆಯ ಬೇಟೆಗೆ ತೆಳುನೀರೇ ಬೇಕು: ಕೊಕ್ಕನ್ನು ಅರೆ ತೆರೆದು ನೀರಿನಲ್ಲಿ ಆಡಿಸುತ್ತಾ, ಮೀನು ತಾಗಿದ ತಕ್ಷಣ ಮುಚ್ಚುತ್ತದೆ. ಹೀಗಾಗಿ ಕೆರೆಯ ಸ್ಥಿತಿಗತಿ ಗೂಡಿನಲ್ಲೂ ತಿಳಿಯುತ್ತದೆ. ಅಂಗಳದ ಮರವನ್ನು ಬಿಡದೆ ನೋಡುವವರು ಮೈಲಿ ಆಚೆಯ ನೀರನ್ನೂ ಬಲ್ಲರು.

ಅಷ್ಟು ಬಲ್ಲವರಿಗೆ ಕೈಕಟ್ಟಿ ಕೂರಲು ಮನಸ್ಸು ಬರುವುದಿಲ್ಲ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದ ಯುವಕರು ಬೇಲಿಯೊಳಗೆ ಇಟ್ಟು, ಮೀನು ಹಾಕಿ, ಹಾರುವಂತಾದಾಗ ಬಿಟ್ಟಿದ್ದಾರೆ. ಇದಕ್ಕಿಂತ ದೊಡ್ಡ ಪಕ್ಷಿಪ್ರೇಮ ನನಗೆ ಗೊತ್ತಿಲ್ಲ.

ಮಂಡ್ಯ, ಮಳವಳ್ಳಿಯ ಮನೆಗಳಿಗೆ ಹೆಜ್ಜಾರ್ಲೆ ಬರಲಿಕ್ಕಿಲ್ಲ. ದಾಸವಾಳಕ್ಕೆ ಸೂರಕ್ಕಿ, ಕರಿಬೇವಿನ ಹಣ್ಣಿಗೆ ಪಿಕಳಾರ, ತೆಂಗಿನ ಗರಿಗೆ ಗೀಜಗ ಬಂದೇ ಬರುತ್ತವೆ. ಒಂದು ಗಿಡ ಆರಿಸಿಕೊಳ್ಳಿ. ತಾರೀಖು, ಹೊತ್ತು, ಕೊಕ್ಕಿನಲ್ಲೇನಿತ್ತು, ಯಾವ ಕಡೆಗೆ ಹಾರಿತು, ಇಷ್ಟನ್ನು ಬರೆದಿಡಿ. ಗೂಡು ಕಂಡರೆ ದೂರದಿಂದಲೇ ನೋಡಿ, ಕೊಂಬೆ ಬಗ್ಗಿಸಬೇಡಿ. ಹಕ್ಕಿ ಬಾರದ ದಿನವನ್ನೂ ಬರೆಯಿರಿ. ಮುಂದಿನ ವರ್ಷ ಎರಡೂ ಪುಟಗಳನ್ನು ಹೋಲಿಸುವಾಗ ನಿಮ್ಮ ಹಿತ್ತಲಿನ ಮಳೆ, ಹೂವು, ಹುಳುಗಳ ಲೆಕ್ಕವೂ ಅಲ್ಲೇ ಸಿಗುತ್ತದೆ.