ಮಳೆಯೇ ಎಬ್ಬಿಸುವ ಮಾಪಕ

ಬೈಂದೂರಿನ ಕಡಲತೀರದಲ್ಲಿ ಹೊಳವಾಗಿರುವ ಹೊತ್ತಿಗೇ ಕೊಲ್ಲೂರಿನ ಘಟ್ಟದ ಬುಡದಲ್ಲಿ ಮಳೆ ಹೊಯ್ಯುತ್ತಿರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸೋಲಾರ್ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ, ನಿಜ. ಆದರೆ ಕೊಳೆರೋಗಕ್ಕೆ ಎರಡನೇ ಮದ್ದು ಯಾವಾಗ ಬಿಡಬೇಕೆಂದು ಯೋಚಿಸುವ ಅಡಿಕೆ ಬೆಳೆಗಾರನಿಗೆ ತನ್ನ ತೋಟದ್ದೇ ಲೆಕ್ಕ ಬೇಕು.

ತೋಟದಲ್ಲಿ ವೈರ್‌ಲೆಸ್ ಸೆನ್ಸರ್ ಇಡಹೊರಟವರು ಮೊದಲು ಕೇಳುವುದು ಸೋಲಾರ್ ಪ್ಯಾನೆಲ್ ಎಷ್ಟು ದೊಡ್ಡದಿರಬೇಕೆಂದು. ನನ್ನ ಮಟ್ಟಿಗೆ ಅದು ಕೊನೆಯ ಪ್ರಶ್ನೆ. ಆಸಾಡಿಯ ಮೋಡದಡಿ, ಅದೂ ಅಡಿಕೆ ಸೋಗೆಯ ನೆರಳಿನಲ್ಲಿ, ಬಿಸಿಲನ್ನು ನಂಬಿ ಕೂರಲಾಗದು. ಪಾವಗಡದ ಚನ್ನಕೇಶವಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 2000ದ ದಶಕದಲ್ಲೇ ಬಡ ರೈತರಿಗಾಗಿ ಇಂಥ ಜಾಲ ಹಾಕಿ ನೋಡಿದ್ದರು. ಅದು ಬರದ ಸೀಮೆ. ನಮ್ಮ ಕಷ್ಟವೇ ಬೇರೆ. ಇಲ್ಲಿ ಉಪಕರಣ ಮೊದಲು ನಿದ್ದೆ ಕಲಿಯಬೇಕು.

2000 ಮಿಲಿಆಂಪ್-ಅವರ್ ಬ್ಯಾಟರಿಯಿಂದ ಬೋರ್ಡು ಸದಾ 40 ಮಿಲಿಆಂಪ್ ಎಳೆದರೆ 50 ಗಂಟೆಗೆ ಮುಗಿಯಿತು. ಸರಾಸರಿ ಅರ್ಧ ಮಿಲಿಆಂಪಿಗೆ ಇಳಿಸಿ: 4000 ಗಂಟೆ, ಐದು ತಿಂಗಳಿಗೂ ಹೆಚ್ಚು. ಇಡೀ ಮಳೆಗಾಲ ದಾಟಿತು!

ಮಳೆಮಾಪಕ ಈ ನಿದ್ದೆಗೆ ಹೇಳಿ ಮಾಡಿಸಿದ್ದು. ಒಳಗಿನ ಜೋಡಿ ಬಟ್ಟಲಲ್ಲಿ ಒಂದು ತುಂಬಿ ವಾಲುತ್ತದೆ, ಅಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾಯುತ್ತದೆ, ಚಿಪ್ ಎದ್ದು ಒಂದು ಎಣಿಸಿ ಮತ್ತೆ ಮಲಗುತ್ತದೆ. ಮಳೆಯೇ ಬಂದು ಎಬ್ಬಿಸುವ ಈ ಏರ್ಪಾಡಿಗಿಂತ ಚೆಂದದ್ದನ್ನು ನಾನು ಈ ಹವ್ಯಾಸದಲ್ಲಿ ಕಂಡಿಲ್ಲ. ಎಲೆಯ ತೇವ ನೋಡುವ ಸೆನ್ಸರಿಗೆ ಈ ಭಾಗ್ಯವಿಲ್ಲ. ಅದು ಆಗಾಗ ತಾನೇ ಎದ್ದು ನೋಡಬೇಕು.

ಹೆಚ್ಚು ಕರೆಂಟ್ ತಿನ್ನುವುದು ರೇಡಿಯೊ. ಪರವಾನಗಿ ಬೇಡದ 865–867 ಮೆಗಾಹರ್ಟ್ಸ್‌ನಲ್ಲಿ ಲೋರಾ ಎಂಬ ದೂರಗಾಮಿ ರೇಡಿಯೊ ಬಳಸುವವರು ಸಿಗ್ನಲ್ ಸೊರಗಿದಾಗ ಸ್ಪ್ರೆಡಿಂಗ್ ಫ್ಯಾಕ್ಟರ್ ಏರಿಸುತ್ತಾರೆ, ಅಂದರೆ ಸಂದೇಶವನ್ನು ನಿಧಾನಿಸಿ ಕಳಿಸುತ್ತಾರೆ. 7ರಿಂದ 12ಕ್ಕೆ ಹೋದರೆ ಅದೇ ಪುಟ್ಟ ಸಂದೇಶಕ್ಕೆ ರೇಡಿಯೊ ಇಪ್ಪತ್ತು ಪಟ್ಟಿಗೂ ಹೆಚ್ಚು ಹೊತ್ತು ಎಚ್ಚರವಿರಬೇಕು. ಒದ್ದೆ ಸೋಗೆ ಅಲೆಗಳನ್ನು ಹೀರುವ ತೋಟದಲ್ಲಿ ಬ್ಯಾಟರಿ ಸಾಯುವುದು ಹೀಗೆ. ನಮ್ಮ ತೋಟಗಳು ಹೆಚ್ಚಾಗಿ ತಗ್ಗಿನಲ್ಲಿವೆ. ಕರೆಂಟಿರುವ ಮನೆ ಮೇಲಿನ ಗುಡ್ಡದಲ್ಲಿದ್ದರೆ ಸಂದೇಶ ಹಿಡಿಯುವ ಗೇಟ್‌ವೇಯ ಆಂಟೆನಾವನ್ನು ಅಲ್ಲೇ ಕಂಬವೊಂದಕ್ಕೆ ಏರಿಸಿ. ದೊಡ್ಡ ಬ್ಯಾಟರಿಗೆ ಹಾಕುವ ದುಡ್ಡು ಈ ಕಂಬಕ್ಕೆ ಹೋಗಲಿ.

ಮೇ ತಿಂಗಳಲ್ಲೇ ಮಲ್ಟಿಮೀಟರ್ ಹಿಡಿದು ನಿದ್ದೆಯಲ್ಲಿರುವಾಗಿನ ಕರೆಂಟ್ ಅಳೆಯಿರಿ. ಬೋರ್ಡಿನ ಮೇಲೆ ಸುಮ್ಮನೆ ಉರಿಯುವ ಎಲ್‌ಇಡಿಯೊಂದೇ ಕೆಲವು ಮಿಲಿಆಂಪ್ ನುಂಗಬಹುದು. ಅದನ್ನು ಕಿತ್ತುಬಿಡಿ.