ಜೊಂಗಾಕ್ಕೆ ಹಾರ, ಡ್ರೈವರನಿಗೆ ಬೆನ್ನು

ಕ್ರಿಕೆಟಿಗ ಧೋನಿ 2019ರಲ್ಲಿ ಸೇನೆಯ ಹಳೆಯ ಜೊಂಗಾ ಜೀಪೊಂದನ್ನು ಕೊಂಡು ರಾಂಚಿಯಲ್ಲಿ ಓಡಿಸಿದ್ದೇ ತಡ, ಗುಜರಿಯವರಷ್ಟೇ ಬೆಲೆ ಕೇಳುತ್ತಿದ್ದ ಗಾಡಿಗೆ ಭಕ್ತರು ಹುಟ್ಟಿಕೊಂಡರು. ಮೀಸಲು ಪಡೆಯಾದ ಟೆರಿಟೋರಿಯಲ್ ಆರ್ಮಿಯಲ್ಲಿ ಅವರಿಗೆ 2011ರಿಂದ ಲೆಫ್ಟಿನೆಂಟ್ ಕರ್ನಲ್ ಎಂಬ ಗೌರವ ಪದವಿಯೂ ಇರುವುದರಿಂದ ಮಿಲ್ಟ್ರಿ ಗಾಡಿ, ಮೀಸಲು ಸೇವೆ ಎರಡಕ್ಕೂ ಒಂದೇ ಪೋಸ್ಟರಿನಲ್ಲಿ ಜಾಗ ಸಿಕ್ಕಿತು. ನಮ್ಮ ಹುಬ್ಬಳ್ಳಿ-ಧಾರವಾಡವೂ ಹಿಂದೆ ಬಿದ್ದಿಲ್ಲ. ಜನವರಿ 26, ಆಗಸ್ಟ್ 15 ಬಂತೆಂದರೆ ಹಸಿರು ಜೀಪು ಹೊರಬೀಳುತ್ತದೆ; ಬಾನೆಟ್ಟಿಗೆ ಚೆಂಡುಹೂವಿನ ಹಾರ, ಕನ್ನಡಿಗೆ ಧ್ವಜ, ಉಣಕಲ್ ಕೆರೆಯ ದಂಡೆಯಲ್ಲಿ ಫೋಟೊ. ಇದನ್ನು ಸೇನೆಯ ನೆನಪನ್ನು ಜೀವಂತವಾಗಿಡುವ ಕೆಲಸವೆಂದು ಹೊಗಳುವವರು ಬೇಕಾದಷ್ಟಿದ್ದಾರೆ. ನನ್ನ ತಕರಾರು ಆ ಹೊಗಳಿಕೆಯ ಮೇಲೆ. ಅಲಂಕಾರಕ್ಕೆ ನೆನಪಿನ ದರ್ಜೆ ಕೊಡಲು ನಾನು ತಯಾರಿಲ್ಲ. ನೆನಪಿನ ಅಸಲು ಕಸುಬು ಇದೇ ಸೀಮೆಯ ಹಳ್ಳಿಗಳ ಗುಡಿಕಟ್ಟೆಯ ಮೇಲೆ, ಮಾತಿನಲ್ಲಿ, ಎಷ್ಟೋ ವರ್ಷಗಳಿಂದ ನಡೆದಿದೆ. ನಮ್ಮ ಸಾಹಿತ್ಯ ವಿಮರ್ಶೆ ಅತ್ತ ಕಣ್ಣೆತ್ತಿ ನೋಡಿಲ್ಲ.

ಗಾಡಿ ಕಟ್ಟುವವರ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಜೊಂಗಾ ನಿಸಾನ್ ಪ್ಯಾಟ್ರೋಲ್ ತಳಿಯ ಗಾಡಿ. 1969ರಿಂದ 1999ರವರೆಗೆ ಜಬಲ್ಪುರದಲ್ಲಿ ತಯಾರಾಯಿತು. ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು, ಲೀಟರಿಗೆ ನಾಲ್ಕೈದು ಕಿಲೋಮೀಟರು ಓಡಿದರೆ ಪುಣ್ಯ. ಹರಾಜಿನಲ್ಲಿ ಹಿಡಿದವರು ಅದನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸುತ್ತಿದ್ದರು. ಅಂಥ ಗಾಡಿಗೆ ಮತ್ತೆ ಹಳೆಯ ಎಂಜಿನ್ ಹುಡುಕಿ ಕೂರಿಸಿ, ಸಿಗದ ಬಿಡಿಭಾಗವನ್ನು ಲೇತಿನ ಮೇಲೆ ಕಡೆಸಿ ಓಡುವಂತೆ ಮಾಡುವ ಗೋಕುಲ ರಸ್ತೆಯ ಮಿಸ್ತ್ರಿಯ ಕೈಗೆ ನನ್ನದೂ ಒಂದು ಸಲಾಮು.

ಆದರೆ ಆರಿಸಿಕೊಂಡ ಗಾಡಿ ಯಾವುದು ನೋಡಿ. ಸೈನ್ಯದ ಹೊರೆ ಹೊತ್ತದ್ದು ಶಕ್ತಿಮಾನ್. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗ, ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯ ಮೇಲೆ 1959ರಲ್ಲಿ ಜಬಲ್ಪುರದಿಂದ ಹೊರಬಿದ್ದ ಮೂರು ಟನ್ನಿನ ಡೀಸೆಲ್ ಲಾರಿ ಅದು. 1990ರ ದಶಕದ ನಡುವಿನವರೆಗೂ ತಯಾರಾಗುತ್ತಲೇ ಇತ್ತು. ಅಕ್ಕಿ, ಬೇಳೆ, ಮದ್ದುಗುಂಡು, ಜವಾನರು, ಜವಾನರ ಟ್ರಂಕು, ಗಾಯಾಳುಗಳು ಎಲ್ಲ ಅದರ ಬೆನ್ನ ಮೇಲೆ. ನಮ್ಮ ಮೆರವಣಿಗೆಗಳಲ್ಲಿ ನಾನು ಅದನ್ನು ಕಂಡಿಲ್ಲ. ಅದು ಮನೆಯ ಗೇಟಿನೊಳಗೆ ಹಿಡಿಸುವುದಿಲ್ಲ, ಮದುವೆಯ ಫೋಟೊಕ್ಕೂ ಒಪ್ಪುವುದಿಲ್ಲ.

ಇನ್ನು ಬಣ್ಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವ ಗಾಡಿಯೂ ಆಲಿವ್ ಗ್ರೀನ್ ಬಳಿದುಕೊಳ್ಳುವಂತಿಲ್ಲ. ಹಾಗಾಗಿ ಕೆಎ 25, ಕೆಎ 63 ಫಲಕ ಹೊತ್ತ ನಮ್ಮ ಜೀಪುಗಳ ಮಾಲೀಕರು ಆರ್‌ಟಿಒ ಕಣ್ಣಿಗೆ ಬೇರೆಯಾಗಿಯೂ ಜನರ ಕಣ್ಣಿಗೆ ಅದೇ ಆಗಿಯೂ ಕಾಣುವ ಒಂದು ಹಸಿರಿಗಾಗಿ ಪರದಾಡುತ್ತಾರೆ. ಆ ಹಸಿರಿನ ಮೇಲೆ ಸಂಗ್ರಾಹಕರ ನಡುವೆ ನಡೆಯುವ ಜಗಳ ಕೇಳಬೇಕು. ಛಂದಸ್ಸಿನ ಬಗ್ಗೆ ನಮ್ಮ ಪಂಡಿತರೂ ಅಷ್ಟು ಜಗಳಾಡಲಿಕ್ಕಿಲ್ಲ. ನನಗೆ ಮುಖ್ಯವಾದದ್ದು ಹಸಿರಲ್ಲ, ಬಿಳಿ.

ಮಿಲ್ಟ್ರಿ ಲಾರಿಯ ಹಿಂದೆ ನಿಂತು ಬಗ್ಗಿ ನೋಡಿ. ಹಿಂದಿನ ಆಕ್ಸಲಿನ ನಡುವೆ ಡಿಫರೆನ್ಷಿಯಲ್ ಕೂತಿರುವ ಗುಂಡನೆಯ ಹೌಸಿಂಗ್ ಇದೆಯಲ್ಲ, ಅದಕ್ಕೆ ಬಿಳಿ ಬಣ್ಣ ಬಳಿದಿರುತ್ತಾರೆ. ಅದರ ಮೇಲೆ ಬೆಳಕು ಬೀಳುವಂತೆ ಲಾರಿಯ ಅಡಿಗೆ ಒಂದು ಪುಟ್ಟ ದೀಪ. ಯುದ್ಧಕಾಲದ ರಾತ್ರಿ ಹೆಡ್‌ಲೈಟ್ ಹಾಕುವಂತಿಲ್ಲ, ಮೇಲೆ ವಿಮಾನದ ಭಯ. ಹಿಂದಿನ ಗಾಡಿಯ ಡ್ರೈವರನಿಗೆ ಮುಂದಿನ ಗಾಡಿ ಕಾಣಬೇಕು, ಆಕಾಶಕ್ಕೆ ಕಾಣಬಾರದು. ಅದಕ್ಕೇ ಈ ಏರ್ಪಾಡು. ಮೇಲಿನಿಂದ ನೋಡಿದರೆ ಕತ್ತಲು, ನೇರ ಹಿಂದೆ ಇದ್ದವನಿಗೆ ಮಾತ್ರ ನೆಲದಿಂದ ಮೊಳ ಎತ್ತರದಲ್ಲಿ ತೇಲುವ ಒಂದು ಬಿಳಿ ಚೆಂಡು. ಜೀಪು ಸಿಂಗರಿಸುವವರಲ್ಲಿ ಕೆಲವರು ಹಳೆಯ ಫೋಟೊ ನೋಡಿ ಈ ಬಿಳಿಯನ್ನೂ ಬಳಿಸುತ್ತಾರೆ. ದೀಪ ಕೂರಿಸಿದವರನ್ನು ನಾನು ಕಾಣೆ.

ಈ ಚೆಂಡಿನ ಸಂಗತಿ ನನಗೆ ತಿಳಿದದ್ದು ಯಾವ ಪ್ರದರ್ಶನದಿಂದಲೂ ಅಲ್ಲ. ಕುಂದಗೋಳದ ಕಡೆಯ ಒಬ್ಬ ಹಿರಿಯರು, 1965ರ ಯುದ್ಧದಲ್ಲಿ ಲಾರಿ ಹೊಡೆದವರು, ಕಟ್ಟೆಯ ಮೇಲೆ ಕೂತು ಹೇಳಿದ್ದು: ‘ಆ ಬಿಳೀ ಚಂಡ ನೋಡ್ಕೋತ ಹೋಗೂದ್ರೀ. ಅದು ನಿಂತ್ರ ನಾವು ನಿಂದರೂದು, ಅದು ಹೊಂಟ್ರ ನಾವು ಹೊಂಡೂದು. ಊರು ಬಂತೋ ಹೊಳಿ ಬಂತೋ, ನಮಗೇನ್ ಗೊತ್ತಾಗ್ತೇತಿ?’ ಹೇಳುವಾಗ ಅವರ ಎಡಗಾಲು ಕಟ್ಟೆಯ ಕಲ್ಲನ್ನು ಎರಡೆರಡು ಸಲ ಒತ್ತುತ್ತಿತ್ತು. ಆ ಕಾಲದ ಲಾರಿಗಳಲ್ಲಿ ಒಂದು ಗೇರು ಬದಲಿಸಲು ಎರಡು ಸಲ ಕ್ಲಚ್ಚು ತುಳಿಯಬೇಕಿತ್ತು. ಕ್ಲಚ್ಚು ಒತ್ತಿ ಗೇರು ಬಿಡಿಸು, ಕ್ಲಚ್ಚು ಬಿಟ್ಟು ಎಂಜಿನ್ನಿನ ವೇಗ ಹೊಂದಿಸು, ಮತ್ತೆ ಒತ್ತಿ ಗೇರು ಹಾಕು. ಕತೆ ಏರು ಹತ್ತಿದಾಗ ಕಾಲು ಚುರುಕಾಗುತ್ತದೆ, ಸಪಾಟು ರಸ್ತೆಗೆ ಬಂದಾಗ ಸುಮ್ಮನಾಗುತ್ತದೆ. ಕತೆಯ ತಾಳ ಇರುವುದು ಅಲ್ಲಿ.

ಈ ಕಥನದ ಕಟ್ಟನ್ನು ಸ್ವಲ್ಪ ಬಿಡಿಸಿ ನೋಡೋಣ. ಇದರಲ್ಲಿ ‘ನಾನು’ ಇಲ್ಲ. ಇಡೀ ರಾತ್ರಿ ‘ನಾವು’ ಮತ್ತು ‘ಗಾಡಿ’. ಗಾಡಿ ಕೇಳಲಿಲ್ಲ, ಗಾಡಿ ಬಿಸಿಯಾಯಿತು, ಗಾಡಿ ಮುನಿಸಿಕೊಂಡಿತು. ಶತ್ರುವೂ ಇಲ್ಲ. ಇಪ್ಪತ್ತೆರಡು ದಿನಗಳ ಯುದ್ಧ ಎಂದು ನಾವು ಓದಿರುವುದು ಅವರ ಬಾಯಲ್ಲಿ ಒಂದು ರಾತ್ರಿಯ ಒಂದು ರಸ್ತೆಯಾಗಿ ಹಿಗ್ಗುತ್ತದೆ; ಉಳಿದ ದಿನಗಳೆಲ್ಲ ಅರ್ಧ ವಾಕ್ಯದಲ್ಲಿ ಮುಗಿಯುತ್ತವೆ. ಕೇಳುವವನು ತಡೆಯಲಾರದೆ ‘ಆಮ್ಯಾಲೆ?’ ಎಂದರೆ, ‘ಆಮ್ಯಾಲೇನು, ಖಾಲಿ ಮಾಡಿ ಹೊಳ್ಳಿ ಬಂದ್ವಿ’. ಇದು ಹೇಳಲು ಬಾರದವನ ಮಾತೆಂದುಕೊಳ್ಳುವವರು ಕಿವಿಗೆ ಎಣ್ಣೆ ಬಿಟ್ಟುಕೊಳ್ಳಬೇಕು. ಶೌರ್ಯದ ನಿರೀಕ್ಷೆಯನ್ನು ಕಟ್ಟೆಯ ತನಕ ಕರೆತಂದು, ಬಾಗಿಲು ತೆಗೆಯದೆ ವಾಪಸು ಕಳಿಸುವ ಜಾಣತನ ಅದರಲ್ಲಿದೆ. ನಾನು ಇನ್ನೊಂದು ಕೇಳಿದೆ: ಎಲ್ಲರೂ ಮುಂದಿನವನ ಚೆಂಡು ನೋಡುತ್ತ ಹೋದರೆ ಮೊದಲನೆಯ ಗಾಡಿಯವನು ಏನು ನೋಡುತ್ತಿದ್ದ? ಅವರು ನಕ್ಕರು. ‘ಅಲ್ಲಿ ಸಾಹೇಬರ ಜೀಪ ಇರ್ತಿತ್ರೀ. ನಕಾಶಿ ಅವರ ಕಡೆ.’

ನಕಾಶೆ ಜೀಪಿನಲ್ಲಿ, ಕತ್ತಲು ಲಾರಿಯಲ್ಲಿ. ನಾವು ಹಾರ ಹಾಕುತ್ತಿರುವುದು ನಕಾಶೆ ಇದ್ದ ಗಾಡಿಗೆ.

ಇಲ್ಲಿಂದ ನನ್ನ ಜಗಳ ಜೀಪಿನವರನ್ನು ಬಿಟ್ಟು ಸಾಹಿತ್ಯದವರ ಕಡೆ ಹೊರಳುತ್ತದೆ; ಅವರೇ ಹೆಚ್ಚು ತಪ್ಪಿತಸ್ಥರು. ಕನ್ನಡದಲ್ಲಿ ಸೈನಿಕ ಬರವಣಿಗೆಯ ಮಾತು ಬಂದ ತಕ್ಷಣ ಎಲ್ಲರ ಬಾಯಿಗೂ ಬರುವುದು ರವಿ ಬೆಳಗೆರೆ ಕನ್ನಡಕ್ಕೆ ತಂದ ಬ್ರಿಗೇಡಿಯರ್ ದಳವಿಯವರ ‘ಹಿಮಾಲಯನ್ ಬ್ಲಂಡರ್’. 1962ರ ಚೀನಾ ಯುದ್ಧದಲ್ಲಿ ನಮ್ಕಾ ಚು ಹೊಳೆಯ ದಂಡೆಯಲ್ಲಿ ಏಳನೇ ಬ್ರಿಗೇಡ್ ನುಚ್ಚುನೂರಾದ ಕತೆ. ಸೆರೆ ಸಿಕ್ಕ ದಳಪತಿಯೇ ಬರೆದದ್ದು, ಓದಲೇಬೇಕಾದದ್ದು, ಅನುವಾದದ ಓಟವೂ ದೊಡ್ಡದು. ಆದರೆ ಅದು ನಕಾಶೆ ಕೈಯಲ್ಲಿದ್ದವರ ಕಹಿ. ಯಾರು ಯಾರಿಗೆ ಏನು ಹೇಳಿದರು, ದಿಲ್ಲಿ ಯಾಕೆ ಕೇಳಲಿಲ್ಲ ಎಂಬ ಲೆಕ್ಕ. ತವಾಂಗಿನ ಆಚೆಗೆ ಗಾಡಿ ಹೋಗುವ ರಸ್ತೆಯೇ ಇರಲಿಲ್ಲವಾದ್ದರಿಂದ ಡ್ರೈವರನಿಗೆ ಆ ದುರಂತದ ನಡುಮನೆಯಲ್ಲಿ ಜಾಗವೂ ಇಲ್ಲ. ಪುಸ್ತಕದ ತಪ್ಪು ಅದಲ್ಲ. ತಪ್ಪು, ಅದನ್ನೇ ಅಳತೆಗೋಲು ಮಾಡಿಕೊಂಡವರದು. ಈಗ ನಿವೃತ್ತ ಹವಾಲ್ದಾರನೂ ಬರೆಯಲು ಕೂತರೆ ಬ್ರಿಗೇಡಿಯರನ ದನಿಯಲ್ಲಿ ಬರೆಯುತ್ತಾನೆ. ತಾನು ಹೊಡೆದ ಲಾರಿ ಬಿಟ್ಟು ತಾನು ಕಾಣದ ನಕಾಶೆಯನ್ನು ವಿವರಿಸುತ್ತಾನೆ. ಮುನ್ನುಡಿಕಾರರು ಬೆನ್ನು ತಟ್ಟುತ್ತಾರೆ.

ಜಾನಪದದವರ ಲೋಕ ಇನ್ನೊಂದು. ಲಾವಣಿ, ಗೀಗೀ, ಡೊಳ್ಳಿನ ಪದ ಎಂದರೆ ಟೇಪು ಹಿಡಿದು ಓಡುತ್ತಾರೆ. ಕ್ಲಚ್ಚು, ಗೇರು, ಗ್ರೀಸು ಸೇರಿದ ಕೂಡಲೇ ಅವರಿಗದು ಜಾನಪದವಾಗಿ ಕಾಣುವುದಿಲ್ಲ, ಬಡಾಯಿಯಾಗಿ ಕಾಣುತ್ತದೆ. ಬಡಾಯಿ ಇರುತ್ತದೆ, ಇಲ್ಲವೆನ್ನುವುದಿಲ್ಲ. ಲಾವಣಿಯಲ್ಲಿ ಇರುವುದಿಲ್ಲವೇ?

ಮೀಸಲು ಸೇವೆಯ ವಿಷಯಕ್ಕೆ ಬಂದರೆ ಈ ಅಲಕ್ಷ್ಯ ಇನ್ನೂ ಹೆಚ್ಚು. 1965ಕ್ಕೆ ಮುಂಚೆ ಭರ್ತಿಯಾದ ಜವಾನನ ಕರಾರು ಏಳು ವರ್ಷ ದಂಡಿನಲ್ಲಿ, ಎಂಟು ವರ್ಷ ಮೀಸಲಿನಲ್ಲಿ. ಹದಿನೈದು ಕೂಡಿದರೆ ರಿಸರ್ವಿಸ್ಟ್ ಪಿಂಚಣಿ. ಆ ಎಂಟು ವರ್ಷ ಅವನು ಊರಲ್ಲಿ ಜೋಳ ಬಿತ್ತುತ್ತಾನೆ, ಮದುವೆಯಾಗುತ್ತಾನೆ, ಹತ್ತಿ ತಂದು ಹುಬ್ಬಳ್ಳಿಯಲ್ಲಿ ಮಾರುತ್ತಾನೆ. ಆದರೆ ಕರೆ ಬಂದ ದಿನ ಮತ್ತೆ ಸೈನಿಕ. ಅರ್ಧ ರೈತ ಅರ್ಧ ಸಿಪಾಯಿಯಾದ ಈ ಬದುಕಿಗೆ ಸಮವಸ್ತ್ರವೂ ಇಲ್ಲ, ಗಾಡಿಯೂ ಇಲ್ಲ. ಆದ್ದರಿಂದ ಮೆರವಣಿಗೆಯಲ್ಲಿ ಅದು ಕಾಣುವುದಿಲ್ಲ. ಕಟ್ಟೆಯ ಮಾತಿನಲ್ಲಿ ಕಾಣುತ್ತದೆ: ಅಂಚೆಯವನ ಸೈಕಲ್ ಓಣಿಗೆ ಬಂದರೆ ಹೆಂಡತಿಯ ಮುಖ ನೋಡುವ ಗಂಡನಾಗಿ.

ಮೀಸಲು ಪಡೆಗಳ ಚರಿತ್ರೆ ಈ ಜೋಡಿ ಊರಿಗೆ ಹೊಸದೇನಲ್ಲ. ಧಾರವಾಡದ ಇಂದಿನ ಕರ್ನಾಟಕ ಕಾಲೇಜಿನ ಕಟ್ಟಡ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿದ್ದ ಕಾಲದಲ್ಲೇ ಆ ರೈಲ್ವೆಗೆ ತನ್ನದೇ ಬಂದೂಕು ಸ್ವಯಂಸೇವಕರ ದಳವಿತ್ತು. 1920ರ ನಂತರದ ಆಕ್ಸಿಲಿಯರಿ ಫೋರ್ಸ್ ಎಂಬ ಮೀಸಲು ಪಡೆಗೆ ಯುರೋಪಿಯನ್ನರು, ಆಂಗ್ಲೋ-ಇಂಡಿಯನ್ನರು ಮಾತ್ರ ಸೇರಬಹುದಿತ್ತು. ವರ್ಕ್‌ಶಾಪಿನಲ್ಲಿ ಕಬ್ಬಿಣ ಬಡಿಯುವ ಕರಿಯ ಕೈಗೆ ಬಂದೂಕು ಕೊಡುವ ಮಾತೇ ಇರಲಿಲ್ಲ. ಸ್ವತಂತ್ರ ಭಾರತ 1949ರಲ್ಲಿ ಟೆರಿಟೋರಿಯಲ್ ಆರ್ಮಿ ಕಟ್ಟಿತು, ರೈಲ್ವೆ ನೌಕರರದೇ ಘಟಕಗಳೂ ಬಂದವು. 1974ರ ಮೇ ತಿಂಗಳಲ್ಲಿ ಜಾರ್ಜ್ ಫರ್ನಾಂಡಿಸ್ ಮುಂದಾಳುತನದ ಮುಷ್ಕರದಲ್ಲಿ ದೇಶದ ರೈಲು ನಿಂತಾಗ ಅದನ್ನು ಓಡಿಸಲು ಸರ್ಕಾರ ಕರೆದದ್ದು ಆ ಘಟಕಗಳನ್ನೇ. ನಿನ್ನೆಯವರೆಗೆ ಜೊತೆಗೆ ಚಹಾ ಕುಡಿದವರು ಗೇಟಿನ ಹೊರಗೆ ಘೋಷಣೆ ಕೂಗುತ್ತಿರುವಾಗ ಖಾಕಿ ತೊಟ್ಟು ಎಂಜಿನ್ ಹತ್ತುವ ನೌಕರ. ಮೀಸಲು ಸೇವೆಯ ಅತ್ಯಂತ ಇರಿಸುಮುರಿಸಿನ ಪ್ರಸಂಗ ಇದು. ಹುಬ್ಬಳ್ಳಿಯಂಥ ರೈಲ್ವೆ ಊರಿನಲ್ಲಿ ಈ ಬಗ್ಗೆ ಒಂದು ಒಳ್ಳೆಯ ಕತೆಯಾದರೂ ಹುಟ್ಟಬೇಕಿತ್ತು.

1965ಕ್ಕೆ ಮುಂಚೆ ಭರ್ತಿಯಾದವರಿಗೆ ಈಗ ಎಂಬತ್ತರ ಆಸುಪಾಸು, ಇಲ್ಲವೇ ಅದಕ್ಕೂ ಹೆಚ್ಚು. ಅವರ ಮಾತನ್ನು ಹಿಡಿದಿಡಲು ಧಾರವಾಡದಲ್ಲಿ 1950ರಿಂದ ಆಕಾಶವಾಣಿ ಕೇಂದ್ರವಿದೆ, ವಿಶ್ವವಿದ್ಯಾಲಯವಿದೆ, ಮೊಬೈಲಂತೂ ಎಲ್ಲರ ಕಿಸೆಯಲ್ಲಿದೆ. ಜೀಪಿನವರೇ ಬೇಕಾದರೆ ಮುಂದಾಗಲಿ, ಗಾಡಿಗಳ ಬಗ್ಗೆ ಅವರಿಗೆ ತಿಳಿದಷ್ಟು ಮೇಷ್ಟ್ರುಗಳಿಗೆ ತಿಳಿದಿಲ್ಲ. ಲೈಟಿಂಗು, ನಿರೂಪಕ, ಶಾಲು-ಫಲಕ ಯಾವುದೂ ಬೇಡ. ‘ಎಷ್ಟು ಮಂದಿನ್ನ ಹೊಡದ್ರಿ ಅಜ್ಜಾರ?’ ಎಂಬ ಪ್ರಶ್ನೆಯನ್ನು ಮನೆಯಲ್ಲಿಟ್ಟು ಬಂದು, ಲಾರಿ ಯಾವುದು, ರಸ್ತೆ ಯಾವುದು, ರಾತ್ರಿ ಏನು ಉಂಡಿರಿ ಎಂದು ಕೇಳಲಿ, ಸಾಕು.