ಕಾಲಿನ ಸ್ವಿಚ್: ತುಳಿದಾಗಲ್ಲ, ಬಿಟ್ಟಾಗ ಪರೀಕ್ಷಿಸಿ

ರಾಮದುರ್ಗ ತಾಲ್ಲೂಕಿನ ಕೈಮಗ್ಗಗಳನ್ನು ನೀವು ನೋಡಿರಬಹುದು. ನೇಕಾರರ ಒಂದು ಕೈ ಲಾಳಿ ಓಡಿಸುವ ಹಗ್ಗವನ್ನು ಎಳೆಯುತ್ತದೆ, ಇನ್ನೊಂದು ಹಣಿಗೆಯನ್ನು ಬಡಿಯುತ್ತದೆ. ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಬೇರ್ಪಡಿಸುವ ಕೆಲಸ ಕಾಲಿನದು. ಕಂಪ್ಯೂಟರ್ ಮೂಲಕ ಮಾತನಾಡುವವರಿಗೂ ಈ ಉಪಾಯ ಒದಗುತ್ತದೆ.

ಮಂಬಲ್, ಡಿಸ್ಕಾರ್ಡ್ ಮುಂತಾದ ತಂತ್ರಾಂಶಗಳಲ್ಲಿ 'ಒತ್ತಿ ಮಾತನಾಡುವ' ಸೌಲಭ್ಯವಿದೆ. ಗೊತ್ತುಪಡಿಸಿದ ಗುಂಡಿಯನ್ನು ಒತ್ತಿ ಹಿಡಿದಾಗ ಮಾತ್ರ ನಿಮ್ಮ ಧ್ವನಿ ಆಚೆಗೆ ಹೋಗುತ್ತದೆ. ಆ ಗುಂಡಿಯನ್ನು ಕಾಲಿನ ಕೆಳಗೆ ತಂದರೆ ಶಿಕ್ಷಕರು ಎರಡೂ ಕೈಗಳಿಂದ ಪ್ರಯೋಗ ತೋರಿಸುತ್ತಲೇ ಪಾಠ ಹೇಳಬಹುದು. ಕೈಗಳ ಬಳಕೆ ಕಷ್ಟವಾದವರಿಗೆ ಮಾತಿನ ದಾರಿ ತೆರೆಯುತ್ತದೆ.

ಜೋಡಣೆ ಸರಳ. ಹಳೆಯ ಯುಎಸ್‌ಬಿ ಮೌಸ್ ಒಂದನ್ನು ಬಿಚ್ಚಿ. ಚಕ್ರದ ಬಳಿಯ ಪುಟ್ಟ ಸ್ವಿಚ್ಚಿಗೆ ಸಮಾಂತರವಾಗಿ ಎರಡು ತಂತಿಗಳನ್ನು ಬೆಸುಗೆ ಹಾಕಿ, ಅವುಗಳ ಮತ್ತೊಂದು ತುದಿಗೆ ಕಾಲಿಂಗ್ ಬೆಲ್ ಸ್ವಿಚ್ಚನ್ನು ಸೇರಿಸಿ. ಅದನ್ನು ಕೀಲು ಹಾಕಿದ ಹಲಗೆಯ ಕೆಳಗೆ ಕೂರಿಸಿ. ಇಲ್ಲಿರುವುದು ಯುಎಸ್‌ಬಿಯ 5 ವೋಲ್ಟ್ ಮಾತ್ರ.

ಇಂತಹ ಮಾದರಿಗಳ ಮುಂದೆ ನಿಂತಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ: 'ತುಳಿದರೆ ಕೆಲಸ ಮಾಡುತ್ತದೆಯೇ?' ಇದು ಅರ್ಧ ಪ್ರಶ್ನೆ. ಉಳಿದರ್ಧವನ್ನು ಕೇಳದಿದ್ದರೆ ಮೂರು ದೋಷಗಳು ನುಸುಳುತ್ತವೆ.

ಮೊದಲನೆಯದು, ಹೊಲಿಗೆ ಯಂತ್ರದ ಮೋಟರಿನ ಪೆಡಲನ್ನೇ ಬಳಸುವುದು. ಅದು 230 ವೋಲ್ಟ್ ಮಂಡಲದಲ್ಲಿ ಮೋಟರಿನ ವೇಗ ನಿಯಂತ್ರಿಸುವ ಸಾಧನ, ಸರಳ ಸ್ವಿಚ್ಚಲ್ಲ. ಅದರ ಪ್ಲಗ್ಗನ್ನು ಯಾರಾದರೂ ಮರೆತು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಕಂಪ್ಯೂಟರಿಗೂ ಮನುಷ್ಯನಿಗೂ ಅಪಾಯ.

ಎರಡನೆಯದು, ಮೈಕಿನ ತಂತಿಯನ್ನೇ ಕತ್ತರಿಸಿ ಸ್ವಿಚ್ ಹಾಕುವುದು. ಎಲೆಕ್ಟ್ರೆಟ್ ಮೈಕಿಗೆ ಅದೇ ತಂತಿಯಲ್ಲಿ ಸಣ್ಣ ಏಕಮುಖ ವೋಲ್ಟತೆ ಬರುತ್ತದೆ. ಅದು ಥಟ್ಟನೆ ಕಡಿದಾಗ ಕೇಳುಗರ ಕಿವಿಗೆ 'ಟಪ್' ಎಂಬ ಸದ್ದು. ತೆರೆದ ಉದ್ದ ತಂತಿಯಿಂದ 50 ಹರ್ಟ್ಸ್ ಗುಂಯ್‌ಗುಡುವಿಕೆ.

ಮೂರನೆಯದು, ಸ್ವಿಚ್ಚನ್ನು ಕೀಲಿನ ಹತ್ತಿರ ಇಡುವುದು. ಲೆಕ್ಕ ಹಾಕಿ ನೋಡಿ. ಕೀಲಿನಿಂದ 18 ಸೆಂ.ಮೀ. ದೂರದಲ್ಲಿ ಕಾಲು 20 ನ್ಯೂಟನ್ ಬಲ ಹಾಕಿದರೆ, 6 ಸೆಂ.ಮೀ. ದೂರದ ಸ್ವಿಚ್ಚಿನ ಮೇಲೆ 60 ನ್ಯೂಟನ್ ಬೀಳುತ್ತದೆ. ಅದನ್ನೇ 24 ಸೆಂ.ಮೀ. ದೂರಕ್ಕೆ ಒಯ್ದರೆ 15 ನ್ಯೂಟನ್ ಮಾತ್ರ. ಯಾರಾದರೂ ಹಲಗೆಯ ಮೇಲೆ ನಿಂತೇಬಿಟ್ಟರೆ? 60 ಕಿಲೋಗ್ರಾಂ ರಾಶಿಯ ತೂಕ ಸುಮಾರು 600 ನ್ಯೂಟನ್. ಆದ್ದರಿಂದ ಆ ಭಾರವನ್ನು ಹೊರಲು ಹಲಗೆಯ ಕೆಳಗೆ ಮರದ ತಡೆತುಂಡುಗಳು ಇರಲೇಬೇಕು. ಇಲ್ಲದಿದ್ದರೆ ಸ್ವಿಚ್ಚು ಜಜ್ಜಿ, ಒತ್ತಿದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಸ್ವಿಚ್ಚು ಹಾಗೆ ಸಿಕ್ಕಿಕೊಂಡರೆ ಏನಾಗುತ್ತದೆ? ತುಳಿದಾಗ ಕೆಲಸ ಮಾಡದಿದ್ದರೆ 'ಕೇಳಿಸುತ್ತಿಲ್ಲ' ಎಂದು ಆ ಕಡೆಯವರು ಕೂಡಲೇ ಹೇಳುತ್ತಾರೆ. ಬಿಟ್ಟಾಗಲೂ ಸಂಪರ್ಕ ಉಳಿದರೆ ಯಾರೂ ಎಚ್ಚರಿಸುವುದಿಲ್ಲ; ಮನೆಯೊಳಗಿನ ಖಾಸಗಿ ಮಾತೆಲ್ಲ ಅಪರಿಚಿತರಿಗೆ ತಲುಪುತ್ತಿರುತ್ತದೆ. ಹಾಗಾಗಿ ಹಲಗೆಯನ್ನು ಮೇಲೆತ್ತಲು ಪ್ರತ್ಯೇಕ ಸ್ಪ್ರಿಂಗ್ ಇರಲಿ, ಮಾತು ಹೋಗುತ್ತಿರುವಾಗ ಉರಿಯುವ ಎಲ್‌ಇಡಿ ಇದ್ದರೆ ಇನ್ನೂ ಒಳ್ಳೆಯದು.

ಶಿಕ್ಷಕರಲ್ಲಿ ಒಂದು ಸಲಹೆ. ಇಂತಹ ಮಾದರಿಗೆ ಅಂಕ ಕೊಡುವ ಮುನ್ನ ಮಲ್ಟಿಮೀಟರ್ ಜೋಡಿಸಿ 100 ಸಲ ತುಳಿಸಿ. ಪ್ರತಿ ಸಲವೂ ಕಾಲು ತೆಗೆದಾಗ ಮಂಡಲ ತೆರೆಯಿತೇ ಎಂಬುದನ್ನು ವಿದ್ಯಾರ್ಥಿಯೇ ಬರೆದಿಡಲಿ. ಆ ಪಟ್ಟಿಯಿಲ್ಲದ ಮಾದರಿ, ಎಷ್ಟೇ ಅಂದವಾಗಿದ್ದರೂ, ಅಪೂರ್ಣ.